ಬೆಳಗ್ಗೆ ಹನ್ನೊಂದಕ್ಕೆ ಮಾಲ್ಕೌಂಸ್ ಹಾಕಿದ್ರೆ ತಪ್ಪಾ?

ಪ್ರಶ್ನೆ: ಸರ್ ನಮಸ್ಕಾರ. ನಾನು ಸೋಮವಾರಪೇಟೆ ಕಡೆಯವಳು, ಇಲ್ಲೇ ಹತ್ತಿರ ಒಂದು ಸಮುದಾಯ ರೇಡಿಯೋಗೆ ವಾಲಂಟಿಯರ್ ಆಗಿ ಹೋಗ್ತೀನಿ. ಯಾವತ್ತೋ ಕರ್ನಾಟಕ ಸಂಗೀತ ಜೂನಿಯರ್ ಪಾಸ್ ಮಾಡಿದ್ದೆ ಅನ್ನೋ ಒಂದೇ ಕಾರಣಕ್ಕೆ ಸೋಮವಾರದಿಂದ ಶುಕ್ರವಾರ ಬೆಳಗ್ಗೆ 11ರಿಂದ 12ರ ತನಕ ಶಾಸ್ತ್ರೀಯ ಸಂಗೀತದ ಕಾರ್ಯಕ್ರಮ ನನ್ನ ತಲೆಗೆ ಕಟ್ಟಿದ್ದಾರೆ. ಕೇಳೋರು ತೋಟದ ಕೆಲಸದವ್ರು, ಮನೇಲಿರೋ ಹೆಂಗಸರು, ಅಂಗಡಿಯವ್ರು, ರಿಟೈರ್ ಆದೋರು. ಮೂರನೇ ದಿನ ಒಂದು ಮಾಲ್ಕೌಂಸ್ ಹಾಕಿದೆ, ರಿಟೈರ್ಡ್ ಮೇಷ್ಟ್ರೊಬ್ಬರು ಫೋನ್ ಮಾಡಿ "ಮಧ್ಯರಾತ್ರಿ ರಾಗಾನ ಹಗಲು ಹೊತ್ತು ಹಾಕ್ತೀಯಲ್ಲಮ್ಮ, ಯಾರೂ ಹೇಳ್ಕೊಟ್ಟಿಲ್ವಾ" ಅಂತ ಬೈದ್ರು. ಪಕ್ಕದ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್ "ಯಾರಾದ್ರೂ ದೊಡ್ಡೋರು ಹೋಗ್ಬಿಟ್ರಾ, ನಾಳೆ ರಜಾನಾ" ಅಂತ ಕೇಳಿದ್ರು. ಚಿಕ್ಕಮ್ಮ ನಿದ್ದೆ ಬರುತ್ತೆ ಅಂತಾರೆ. ಸ್ಟೇಷನ್‌ನವ್ರು ಸುಮ್ನೆ ಕೊಳಲು ಹಾಕು, ಇಲ್ಲ ರಾಗದ ಮೇಲಿರೋ ಸಿನಿಮಾ ಹಾಡು ಹಾಕು ಅಂತಾರೆ. ಯಾವುದು ಹಾಕ್ಲಿ, ಎಷ್ಟು ಉದ್ದದ್ದು ಹಾಕ್ಲಿ, ಯೂಟ್ಯೂಬಿಂದ ತಗೋಬಹುದಾ, ಸ್ವಲ್ಪ ಬಿಡಿಸಿ ಹೇಳಿ ಸರ್.

ಉತ್ತರ: ರೈಟರ್ ಕೇಳಿದ ಮಾತಿಂದಲೇ ಶುರು ಮಾಡ್ತೀನಿ ಕಣಮ್ಮ, ಯಾಕಂದ್ರೆ ನಿಮಗೆ ಬಂದ ಎಲ್ಲಾ ದೂರಲ್ಲಿ ಅದೇ ಅಸಲಿ ವಿಷಯ. ನಾನು ರೇಡಿಯೋದ ಸಂಗೀತ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಇದ್ದವನು, ಈಗ ಮೂರ್ನಾಡು ಹತ್ರ ಒಂದು ಚೂರು ಕಾಫಿ ತೋಟ ನೋಡ್ಕೊಂಡಿದೀನಿ. ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಭಾರೀ ಉತ್ಸಾಹ, ಒಂದು ದಿನ ಇದೇ ಹನ್ನೊಂದು ಗಂಟೆಗೆ ಐವತ್ತು ನಿಮಿಷದ ವಿಲಂಬಿತ ತೋಡಿ, ಅಂದ್ರೆ ಬಲು ನಿಧಾನ ಗತಿಯ ತೋಡಿ ರಾಗ, ಹಾಕಿ ಕೂತೆ, ಎಂಥಾ ಹಾಡು ಅಂತೀರಾ, ನನ್ನ ಕಣ್ಣಲ್ಲಿ ನೀರು ಬಂತು. ಆ ಐವತ್ತು ನಿಮಿಷದಲ್ಲಿ ಬಂದಿದ್ದು ಒಂದೇ ಒಂದು ಫೋನು: "ಸಾರ್, ಯಾವ ಮಂತ್ರಿ ಸಾರ್?"

ಅವ್ರು ತಮಾಷೆ ಮಾಡ್ತಿರಲಿಲ್ಲ. 1984ರ ಅಕ್ಟೋಬರ್ ಕೊನೆ ನೆನಪಿರೋರನ್ನ ಕೇಳಿ ನೋಡಿ, ಇಂದಿರಾ ಗಾಂಧಿ ಹೋದಾಗ ದಿನಗಟ್ಲೆ ಮಾಮೂಲಿ ಕಾರ್ಯಕ್ರಮ ಎಲ್ಲಾ ನಿಲ್ಲಿಸಿ ಬರೀ ಶೋಕದ ವಾದ್ಯ ಸಂಗೀತ ಬರ್ತಿತ್ತು, ಅದಾದ್ಮೇಲೂ ದೊಡ್ಡವ್ರು ಯಾರು ತೀರ್ಕೊಂಡ್ರೂ ಅದೇ ಪದ್ಧತಿ. ಹಂಗಾಗಿ ಒಂದು ತಲೆಮಾರಿನ ಕಿವಿಗೆ ಇದು ಕೂತ್ಬಿಟ್ಟಿದೆ. ಆದ್ರೆ ಜನ ಅದನ್ನ ಗುರುತು ಹಿಡಿಯೋದು ರಾಗದಿಂದ ಅಲ್ಲ, ರಾಗ ಯಾರಿಗೆ ಗೊತ್ತಾಗ್ಬೇಕು. ಗುರುತು ಹಿಡಿಯೋದು ಮೂರು ಲಕ್ಷಣದಿಂದ, ನಿಧಾನ ಇದೆ, ತಾಳವಾದ್ಯ ಇಲ್ಲ, ಯಾರೂ ಏನೂ ಮಾತಾಡ್ತಾ ಇಲ್ಲ. ಈಗ ನೀವು ಹಾಕಿದ ಮಾಲ್ಕೌಂಸ್ ನೆನಪು ಮಾಡ್ಕೊಳ್ಳಿ, ಮೊದಲ ಐದಾರು ನಿಮಿಷ ಬರೀ ಆಲಾಪ, ಅಂದ್ರೆ ತಾಳ ಇಲ್ಲದೆ ನಿಧಾನಕ್ಕೆ ರಾಗ ಬಿಡಿಸೋದು, ಇರಬೇಕು ಅಲ್ವಾ? ಮೂರೂ ಲಕ್ಷಣ ಅಲ್ಲೇ ಇದೆ, ರೈಟರ್ ತಪ್ಪೇನಿಲ್ಲ ಪಾಪ.

ಹಂಗಾದ್ರೆ ಆಲಾಪ ಹಾಕೋದೇ ಬೇಡ್ವಾ? ಹಾಕಿ, ಆದ್ರೆ ಕಾರ್ಯಕ್ರಮದ ಬಾಗಿಲಲ್ಲಿ ನಿಲ್ಲಿಸ್ಬೇಡಿ. ಹನ್ನೊಂದು ಗಂಟೆಗೆ ಮೊದಲು ಬರೋ ಐಟಂ ಏನಿದ್ಯೋ ಅದರಲ್ಲಿ ಒಂದು ನಿಮಿಷದೊಳಗೆ ಮೃದಂಗ ಅಥವಾ ತಬಲಾ ಸೇರ್ಕೊಂಡಿರಬೇಕು, ಅದಕ್ಕೂ ಮುಂಚೆ ನಿಮ್ಮ ದನಿ ಕೇಳಿಸಿರಬೇಕು. ನಾನು ಸೆಲೆಕ್ಷನ್ ಮಾಡುವಾಗ ಕಲಾವಿದರ ಹೆಸರು ಮುಚ್ಚಿ ಮೊದಲ ನಲವತ್ತು ಸೆಕೆಂಡ್ ಮಾತ್ರ ಕೇಳ್ತಿದ್ದೆ, ಎಂಥಾ ದೊಡ್ಡ ವಿದ್ವಾಂಸರದ್ದೇ ಆಗ್ಲಿ, ಆ ನಲವತ್ತು ಸೆಕೆಂಡಲ್ಲಿ ಕೈ ಕೆಲಸದಲ್ಲಿರೋರನ್ನ ಹಿಡ್ಕೊಳ್ಳಲಿಲ್ಲ ಅಂದ್ರೆ ಅದು ರಾತ್ರಿ ಕಾರ್ಯಕ್ರಮಕ್ಕೆ.

ಹಗಲಲ್ಲಿ ಕೇಳೋರು ಸಿಗೋದು ಅರ್ಧ ಕಿವಿ ಮಾತ್ರ. ಇನ್ನರ್ಧ ಕಿವಿ ಒಲೆ ಮೇಲಿರೋ ಕುಕ್ಕರ್ ಕಡೆ, ಗಿರಾಕಿ ಕಡೆ, ಕಣದಲ್ಲಿ ಹರವಿರೋ ಕಾಫಿ ಕಡೆ, ಮೋಡ ಕಡೆ. ಇದನ್ನ ಅವಮಾನ ಅಂದ್ಕೊಳ್ಳೋ ಸಂಗೀತದವ್ರನ್ನ ಬಹಳ ಜನ ನೋಡಿದೀನಿ, ಅವ್ರಿಗೆ ಹಗಲು ಕಾರ್ಯಕ್ರಮ ಕೊಡಬಾರದು ಅಷ್ಟೇ.

ಈಗ ಮೇಷ್ಟ್ರ ವಿಷಯ. ಅವ್ರು ಹೇಳಿದ್ದು ಅರ್ಧ ಸರಿ. ಹಿಂದೂಸ್ತಾನಿಯಲ್ಲಿ ದಿನಾನ ಮೂರು ಮೂರು ಗಂಟೆಯ ಎಂಟು ಪ್ರಹರ ಮಾಡಿ ರಾಗಗಳನ್ನ ಹಂಚಿದ್ದಾರೆ, ಸಂಗೀತ ಶಾಸ್ತ್ರಜ್ಞ ಭಾತಖಂಡೆಯವ್ರು ಇದನ್ನೆಲ್ಲ ಪುಸ್ತಕದಲ್ಲಿ ಕ್ರಮವಾಗಿ ಕೂರಿಸಿದ್ರು, ಅದರ ಪ್ರಕಾರ ಮಾಲ್ಕೌಂಸ್ ನಡುರಾತ್ರಿ ಕಳೆದ ಮೇಲಿನ ರಾಗ. ಆದ್ರೆ ಅದೇ ಐದು ಸ್ವರ ನಮ್ಮ ಕರ್ನಾಟಕ ಪದ್ಧತಿಯಲ್ಲಿ ಹಿಂದೋಳ, ಸಗಮದನಿ, ಅದನ್ನ ಯಾವ ಹೊತ್ತಲ್ಲಾದ್ರೂ ಹಾಡ್ತಾರೆ ಯಾರೂ ಹುಬ್ಬೇರಿಸಲ್ಲ. ಕರ್ನಾಟಕ ಪದ್ಧತಿಯಲ್ಲೂ ಬೆಳಗಿಗೆ ಭೂಪಾಳ, ಬೌಳಿ, ಬಿಲಹರಿ, ರಾತ್ರಿಗೆ ನೀಲಾಂಬರಿ ಅಂತೆಲ್ಲ ರೂಢಿ ಇದೆ, ಆದ್ರೆ ಕಛೇರಿಯಲ್ಲಿ ಅದನ್ನ ಕಟ್ಟುನಿಟ್ಟಾಗಿ ನೋಡೋರು ಕಮ್ಮಿ. ಸೋ, ಹಿಂದೋಳ ಹಾಕಿದ್ರೆ ಸರಿ, ಮಾಲ್ಕೌಂಸ್ ಹಾಕಿದ್ರೆ ಅಭ್ಯಾಸ ಇರೋ ಕಿವಿಗೆ ಕಿರಿಕಿರಿ. ಪಾಪ ಪುಣ್ಯದ ವಿಷಯ ಏನಿಲ್ಲ, ಮಧ್ಯಾಹ್ನ ಬಂದ ನೆಂಟರಿಗೆ ಗುಡ್ ನೈಟ್ ಹೇಳಿದಂಗೆ.

ನಾನಾದ್ರೆ ಮೇಷ್ಟ್ರ ಮಾತು ಕೇಳ್ತೀನಿ, ಅದಕ್ಕೆ ಶಾಸ್ತ್ರ ಕಾರಣ ಅಲ್ಲ. ಯೋಚ್ನೆ ಮಾಡಿ, ಈಗ ಎಲ್ಲಾ ಊರಲ್ಲೂ ಕಛೇರಿ ಶುರುವಾಗೋದೇ ಸಂಜೆ ಆರಕ್ಕೆ, ಹಂಗಾಗಿ ವೇದಿಕೆ ಮೇಲೆ ಯಮನ್, ಪೂರಿಯಾ, ಬಾಗೇಶ್ರೀ ಕೇಳಿ ಕೇಳಿ ಸಾಕಾಗಿದೆ, ಜೌನ್‌ಪುರಿ, ದೇಸಿ, ಗೌಡ್ ಸಾರಂಗ, ಶುದ್ಧ ಸಾರಂಗ, ವೃಂದಾವನಿ ಸಾರಂಗ, ಇವೆಲ್ಲ ಎದುರು ಕೂತು ಕೇಳೋ ಚಾನ್ಸೇ ಕಮ್ಮಿ. ಹನ್ನೊಂದರಿಂದ ಹನ್ನೆರಡು ಅಂದ್ರೆ ಸರಿಯಾಗಿ ಇವುಗಳ ಹೊತ್ತು! ಸ್ಟೇಷನ್‌ನವ್ರು ನಿಮಗೆ ಕೊಟ್ಟಿರೋದು ಕೆಲಸಕ್ಕೆ ಬಾರದ ಟೈಮು ಅಂತ ನೀವು ಅಂದ್ಕೊಂಡಿದ್ರೆ, ಅದೇ ಟೈಮು ಸಾರಂಗ ರಾಗಗಳ ಸ್ವಂತ ಮನೆ. ಕರ್ನಾಟಕದಲ್ಲಿ ಬಿಲಹರಿ, ಸಾವೇರಿ, ಧನ್ಯಾಸಿ ಈ ಕಡೆ, ಹನ್ನೆರಡು ಹತ್ರ ಬಂದಾಗ ಮಧ್ಯಮಾವತಿ. ವಾರಕ್ಕೊಂದು ಸಲ ಮಧ್ಯಮಾವತಿ ಕೃತಿ ಹಾಕಿ ಅದರ ಬೆನ್ನಿಗೇ ಹಿಂದೂಸ್ತಾನಿಯ ಮಧ್‌ಮಾದ್ ಸಾರಂಗ ಹಾಕಿ ನೋಡಿ, ಎರಡಕ್ಕೂ ಅದೇ ಐದು ಸ್ವರ, ಏನೂ ವಿವರಣೆ ಬೇಡ, "ಎರಡೂ ಅಕ್ಕತಂಗಿ" ಅಂತ ಒಂದು ಮಾತು ಹೇಳಿ ಬಿಟ್ರೆ ಸಾಕು ಕೇಳೋರೇ ಹಿಡ್ಕೊಳ್ತಾರೆ.

ಮಳೆಗಾಲದ ಕತೆ ಬೇರೆ. ಮಲ್ಹಾರ್ ರಾಗಗಳು ಋತುವಿನ ರಾಗ, ಮಳೆಗಾಲದಲ್ಲಿ ಯಾವ ಹೊತ್ತಲ್ಲಾದ್ರೂ ಹಾಡಬಹುದು ಅಂತ ರೂಢಿನೇ ಇದೆ, ಅಂದ್ಮೇಲೆ ಕೊಡಗಿನೋರಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಲೈಸೆನ್ಸ್ ಸಿಕ್ಕಂಗೆ, ಮೇಘ್ ಆಗ್ಲಿ ಮಿಯಾಂ ಕಿ ಮಲ್ಹಾರ್ ಆಗ್ಲಿ ಹನ್ನೊಂದಕ್ಕೇ ಹಾಕಿ, ಮೇಷ್ಟ್ರೂ ಏನೂ ಹೇಳೋ ಹಾಗಿಲ್ಲ. ಒಂದೇ ಎಚ್ಚರಿಕೆ, ಜುಲೈಯಲ್ಲಿ ಅಮೃತವರ್ಷಿಣಿ ಹಾಕ್ಬೇಡಿ. ಮುತ್ತುಸ್ವಾಮಿ ದೀಕ್ಷಿತರು ಆ ರಾಗ ಹಾಡಿ ಮಳೆ ತರಿಸಿದ್ರು ಅಂತ ಕತೆ ಇದೆ, ಅದನ್ನ ನಾನು ಹೆಮ್ಮೆಯಿಂದ ಹೇಳಿ ಹಾಕಿದೆ, ಹತ್ತು ದಿನದಿಂದ ಕರೆಂಟಿಲ್ಲದೆ ಕೂತಿದ್ದ ಒಬ್ಬ ಮಹಾನುಭಾವರು "ಸಾಕು ಮಾರಾಯ್ರೆ, ನಿಲ್ಲಿಸೋ ರಾಗ ಇದ್ರೆ ಹಾಕಿ" ಅಂತ ಉಗಿದ್ರು. ಅದೇ ರಾಗಾನ ಮಾರ್ಚ್‌ನಲ್ಲಿ ಇಡಿ, ಕಾಫಿ ಹೂ ಅರಳಿಸೋ ಬ್ಲಾಸಮ್ ಶವರ್ ಮಳೆಗೆ ಜನ ಆಕಾಶ ನೋಡ್ಕೊಂಡು ಸ್ಪ್ರಿಂಕ್ಲರ್‌ಗೆ ಡೀಸೆಲ್ ಸುರಿತಾ ಇರೋ ಹೊತ್ತಲ್ಲಿ. ಆಗ ನೋಡಿ ಎಷ್ಟು ಜನ ಕೇಳ್ತಾರೆ.

ಇನ್ನು ಕಿವಿಗೆ ತಲುಪೋ ವಿಷಯ, ಇದನ್ನ ಯಾರೂ ಹೇಳ್ಕೊಡಲ್ಲ, ಸ್ವಲ್ಪ ಉದ್ದ ಆಗುತ್ತೆ. ಸಮುದಾಯ ರೇಡಿಯೋಗೆ ಸಿಗೋದು 100 ವ್ಯಾಟ್ ಪವರ್. ಎಫ್‌ಎಂ ಅಲೆ ಹೆಚ್ಚುಕಮ್ಮಿ ನೇರ ಗೆರೆಯಲ್ಲೇ ಹೋಗೋದು, ನಮ್ಮಲ್ಲಿ ಎಲ್ಲಿ ನೋಡಿದ್ರೂ ಗುಡ್ಡ, ಗುಡ್ಡದ ಆ ಕಡೆಯವ್ರಿಗೆ ಹಾಡಿನ ಜೊತೆ ಸೊಂಯ್ ಅಂತ ಒಂದು ಸದ್ದು ಇದ್ದೇ ಇರುತ್ತೆ. ಜೋರಿರೋ ಸಂಗೀತ ಆ ಸದ್ದನ್ನ ಮುಚ್ಚುತ್ತೆ, ಮೆತ್ತಗಿರೋ ಸಂಗೀತಾನ ಆ ಸದ್ದೇ ನುಂಗುತ್ತೆ. ಜೊತೆಗೆ ಕೇಳೋ ಯಂತ್ರ ಯಾವುದು? ಬಟನ್ ಫೋನು, ಅದೂ ಅಂಗಿ ಜೇಬಲ್ಲಿ ಬಟ್ಟೆಗೆ ಮುಖ ಮಾಡ್ಕೊಂಡಿರುತ್ತೆ. ಬೆರಳುಗುರಿನಷ್ಟು ಸ್ಪೀಕರ್‌ನಲ್ಲಿ ತಗ್ಗಿನ ದನಿ ಹೊರಗೇ ಬರಲ್ಲ, ಮೃದಂಗದ ಎಡಗಡೆ ಗುಮ್ಕಿ ಮಾಯ, ವೀಣೆಯ ಮಂದ್ರ ಮಾಯ. ನೀವು ಸ್ಟುಡಿಯೋದಲ್ಲಿ ಹೆಡ್‌ಫೋನ್ ಹಾಕ್ಕೊಂಡು ಆಹಾ ಅಂತಿರ್ತೀರಿ, ಅಲ್ಲಿ ಕಾಫಿ ಗಿಡದ ಸಂದಿಯಲ್ಲಿ ಬರೀ ಟಿಣ್ ಟಿಣ್ ಕೇಳಿಸ್ತಿರುತ್ತೆ. ಪಕ್ಕದ ಸಾಲಲ್ಲಿ ಕಳೆ ಹೊಡೆಯೋ ಮಿಷನ್ ಬೇರೆ.

ಅದಕ್ಕೆ ನನ್ನ ಪರೀಕ್ಷೆ ಇದು: ಫೈಲನ್ನ ಒಂದು ಅಗ್ಗದ ಮೊಬೈಲಲ್ಲಿ ಹಾಕಿ ಅಡಿಗೆಮನೆಯಲ್ಲಿಡಿ, ಚಿಕ್ಕಮ್ಮನಿಗೆ ಮಿಕ್ಸಿಯಲ್ಲಿ ಚಟ್ನಿ ರುಬ್ಬೋಕೆ ಹೇಳಿ, ನೀವು ಪಕ್ಕದ ರೂಮಿಗೆ ಹೋಗಿ. ಮಿಕ್ಸಿ ನಿಂತ ತಕ್ಷಣ ಹಾಡಿನ ಎಳೆ ಮತ್ತೆ ಸಿಗುತ್ತಾ? ಸಿಕ್ಕಿದ್ರೆ ಅದು ಹಗಲಿಗೆ ಆಗುತ್ತೆ. ಈ ಪರೀಕ್ಷೆಯಲ್ಲಿ ನಾಗಸ್ವರ, ಶಹನಾಯಿ, ಸ್ಯಾಕ್ಸೋಫೋನ್ ಯಾವತ್ತೂ ಪಾಸು, ಬಯಲಲ್ಲಿ ನುಡಿಸೋಕೆ ಹುಟ್ಟಿದ ದನಿ ಅವು. ಕದ್ರಿ ಗೋಪಾಲನಾಥ್ ಇಲ್ಲೇ ಬಂಟ್ವಾಳ ಕಡೆಯವ್ರು, ಮೈಸೂರು ಅರಮನೆ ಬ್ಯಾಂಡಲ್ಲಿ ಸ್ಯಾಕ್ಸೋಫೋನ್ ನೋಡಿ ಮರುಳಾಗಿ ಅದರಲ್ಲಿ ಕರ್ನಾಟಕ ಸಂಗೀತ ಕೂರಿಸಿದವ್ರು, ನಮ್ಮ ಕೊಡಗಿನಲ್ಲಿ ಮದುವೆ ಮನೆ ವಾಲಗ ಕೇಳಿ ಬೆಳೆದ ಕಿವಿಗೆ ಆ ದನಿ ಪರಕೀಯ ಅನ್ಸೋದೇ ಇಲ್ಲ, ಕೂತಲ್ಲೇ ಭುಜ ಆಡುತ್ತೆ. ಪಿಟೀಲು, ಸಿತಾರ್, ಮ್ಯಾಂಡೊಲಿನ್ ಕೂಡ ಚೆನ್ನಾಗಿ ಹೋಗುತ್ತೆ. ವೀಣೆ ನನಗೆ ಪ್ರಾಣ, ದೊರೆಸ್ವಾಮಿ ಅಯ್ಯಂಗಾರ್ ಅವ್ರ ವೀಣೆ ಅಂದ್ರೆ ಊಟ ಬಿಟ್ಟು ಕೇಳ್ತೀನಿ, ಆದ್ರೂ ಹೇಳ್ತೀನಿ, ಅದನ್ನ ಮಳೆ ಇಲ್ಲದ ದಿನ, ಹನ್ನೊಂದೂವರೆ ಮೇಲೆ ಹಾಕಿ. ಶೀಟಿನ ಮನೆ ಮೇಲೆ ಮಳೆ ಬೀಳುವಾಗ ವೀಣೆ ಹಾಕೋದು ವೀಣೆಗೇ ಅನ್ಯಾಯ.

ಬರೀ ಕೊಳಲು ಹಾಕು ಅಂದ್ರಲ್ಲ, ಅದರ ಅಪಾಯ ಬೇರೆ. ಕೊಳಲಿನ ದನಿ ಯಾರಿಗೂ ಚುಚ್ಚಲ್ಲ, ಅದಕ್ಕೇ ದೂರು ಬರಲ್ಲ, ದೂರು ಬರಲ್ಲ ಅಂತ ದಿನಾ ಹಾಕ್ತಾರೆ, ಎರಡು ವಾರಕ್ಕೆ ಅದು ಡೆಂಟಲ್ ಕ್ಲಿನಿಕ್ ಮ್ಯೂಸಿಕ್ ಆಗಿರುತ್ತೆ. ಕೇಳೋರು ಇರೋದು ಬಿಡೋದು ಎರಡೂ ಗೊತ್ತಾಗಲ್ಲ. ಆದ್ರೆ ವಾದ್ಯ ಸಂಗೀತ ಪೂರ್ತಿ ಕಮ್ಮಿ ಮಾಡ್ಬೇಡಿ, ಈಗ ನಮ್ಮ ತೋಟದ ಕೆಲಸದವ್ರ ಲೈನ್ ಮನೆಗಳಲ್ಲಿ ಅಸ್ಸಾಂ, ಬಂಗಾಳದಿಂದ ಬಂದ ಹುಡುಗರು ಎಷ್ಟು ಜನ ಇದ್ದಾರೆ, ಅವ್ರಿಗೆ ತೆಲುಗು ಕೃತಿನೂ ಒಂದೇ ನಮ್ಮ ದೇವರನಾಮನೂ ಒಂದೇ, ಮಾತಿಲ್ಲದ ಸಂಗೀತ ಹಂಗಲ್ಲ.

ರಾಗದ ಮೇಲಿರೋ ಸಿನಿಮಾ ಹಾಡಿನ ಐಡಿಯಾ ಕೆಟ್ಟದೇನಲ್ಲ, ವಾರಕ್ಕೊಂದು ದಿನ ಹತ್ತು ನಿಮಿಷ ಇಟ್ಟರೆ ಕೃತಿಗೆ ಮೆಟ್ಟಿಲಾಗುತ್ತೆ. ದಿನಾ ಇಟ್ಟರೆ ಜನ ಸಿನಿಮಾ ಹಾಡಿಗೇ ಕಾಯ್ತಾರೆ, ಕೃತಿ ನಡುವೆ ಬರೋ ಜಾಹೀರಾತಿನ ಥರ ಆಗ್ಬಿಡುತ್ತೆ. ಉಲ್ಟಾ ಅಪಾಯಾನೂ ಇದೆ, ಬರೀ ಶಾಸ್ತ್ರೀಯ, ಅದೂ ಘನವಾದದ್ದೇ ಅಂತ ಹಟ ಹಿಡಿದ್ರೆ ಏನಾಗುತ್ತೆ ಅನ್ನೋದನ್ನ ನಮ್ಮ ದೇಶ ಒಂದ್ಸಲ ನೋಡಿದೆ. 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮಂತ್ರಿಯಾದ್ರು, ಶಾಸ್ತ್ರೀಯ ಸಂಗೀತಕ್ಕೆ ಅವ್ರು ಮಾಡಿದ ಉಪಕಾರ ಸಣ್ಣದಲ್ಲ, ಆದ್ರೆ ಸಿನಿಮಾ ಹಾಡನ್ನ ಆಕಾಶವಾಣಿಯಿಂದ ಹೊರಗಿಟ್ಟಿದ್ರಿಂದ ಜನ ಸೀದಾ ರೇಡಿಯೋ ಸಿಲೋನ್‌ಗೆ ತಿರುಗಿಸ್ಕೊಂಡ್ರು. ಕೊನೆಗೆ 1957ರ ಅಕ್ಟೋಬರ್ 3ಕ್ಕೆ ವಿವಿಧ ಭಾರತಿ ಶುರು ಮಾಡ್ಬೇಕಾಯ್ತು. ಕೇಳೋರ ಕೈಯಲ್ಲಿ ಯಾವತ್ತೂ ಒಂದು ತಿರುಗಣೆ ಇರುತ್ತೆ.

ಉದ್ದದ ವಿಷಯಕ್ಕೆ ಬರೋಣ. ಶಾಸ್ತ್ರೀಯ ಅಂದ್ರೆ ಒಂದು ಗಂಟೆ ಹಾಡಲೇಬೇಕು ಅನ್ನೋದು ಶುದ್ಧ ಭ್ರಮೆ. 78ರ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯೋದೇ ಮೂರು ಚಿಲ್ಲರೆ ನಿಮಿಷ, ಅಬ್ದುಲ್ ಕರೀಂ ಖಾನ್ ಅಂಥವ್ರು ಅಷ್ಟರಲ್ಲೇ ರಾಗದ ಮುಖ ತೋರಿಸಿ ಮುಗಿಸ್ತಿದ್ರು. ಕೇಸರ್‌ಬಾಯಿ ಕೇರ್ಕರ್ ಅವ್ರ ಭೈರವಿ ಒಂದು 1977ರಲ್ಲಿ ವಾಯೇಜರ್ ನೌಕೆಯ ಚಿನ್ನದ ರೆಕಾರ್ಡಲ್ಲಿ ಹೋಯ್ತು, ಅದರ ಉದ್ದ ಮೂರೂವರೆ ನಿಮಿಷ. ಅನ್ಯಗ್ರಹದವ್ರಿಗೆ ಅಷ್ಟು ಸಾಕು ಅಂದ್ರೆ ಶನಿವಾರಸಂತೆಯವ್ರಿಗೂ ಸಾಕು.

ನಂದು ಒಂದು ಗಂಟೆ ಹಿಂಗಿರ್ತಿತ್ತು. ಸ್ಯಾಕ್ಸೋಫೋನ್ ಅಥವಾ ಪಿಟೀಲಿನಲ್ಲಿ ಮಧ್ಯಮ ಕಾಲದ ಒಂದು ಕೃತಿ ಏಳೆಂಟು ನಿಮಿಷ, ಆಮೇಲೆ ಕನ್ನಡದ್ದೇ ಒಂದು, ಪುರಂದರದಾಸರದ್ದೋ ಕನಕದಾಸರದ್ದೋ, ಮಾತು ಅರ್ಥ ಆಗೋದ್ರಿಂದ ಅಲ್ಲಿ ಕೇಳೋರು ನಿಲ್ತಾರೆ. ಹನ್ನೊಂದು ಇಪ್ಪತ್ತಕ್ಕೆ ಆವತ್ತಿನ ದೊಡ್ಡ ಐಟಂ, ಹದಿನೆಂಟು ಇಪ್ಪತ್ತು ನಿಮಿಷದ್ದು, ಆಲಾಪ ಸಮೇತ. ಅಷ್ಟೊತ್ತಿಗೆ ಕಿವಿ ಹದ ಆಗಿರುತ್ತೆ, ನಿಮ್ಮ ಮನ್ಸೂರರು, ಗಂಗೂಬಾಯಿಯವ್ರು, ಆರ್.ಕೆ. ಶ್ರೀಕಂಠನ್ ಎಲ್ಲಾ ಅಲ್ಲಿ ಬರಲಿ. ಉಳಿದ ಹೊತ್ತಿಗೆ ಹಳೇ 78, ಒಂದು ತಿಲ್ಲಾನ, ಹುಡುಗರು ಹಾಡಿದ್ದು, ಅದೂ ಇದೂ. ಇಪ್ಪತ್ತು ನಿಮಿಷಕ್ಕೆ ಜಾಗ ಸಾಲ್ತಿಲ್ಲ ಅಂತ ದೊಡ್ಡ ಹಾಡನ್ನ ನಡುವೆ ಕಡಿಯೋಕೆ ಹೋಗ್ಬೇಡಿ, ಚಿಕ್ಕದನ್ನೇ ಹುಡುಕಿ. ಕಡಿಯಲೇಬೇಕು ಅಂದ್ರೆ ವಿಲಂಬಿತ ಮುಗಿದು ದ್ರುತ್, ಅಂದ್ರೆ ವೇಗದ ಭಾಗ, ಶುರುವಾಗೋ ಸಂದಿ ಇರುತ್ತೆ, ಅಲ್ಲಿಂದ ದ್ರುತ್ ಮಾತ್ರ ಹಾಕಿ. ತಾಳವಾದ್ಯದವ್ರು ಮಾತ್ರ ನುಡಿಸೋ ತನಿ ಆವರ್ತನದ ನಡುವೆ ಫೇಡ್ ಮಾಡಿದ್ರೆ ಮೃದಂಗದವ್ರ ಶಾಪ ಖಂಡಿತ.

ನಿಮ್ಮ ಸ್ಟೇಷನ್ ಸಾಫ್ಟ್‌ವೇರ್‌ನಲ್ಲಿ ಸೈಲೆನ್ಸ್ ಡಿಟೆಕ್ಟರ್ ಇದ್ಯಾ ನೋಡ್ಕೊಳ್ಳಿ. ದನಿ ಒಂದು ಮಟ್ಟಕ್ಕಿಂತ ಕಮ್ಮಿಯಾಗಿ ಇಷ್ಟು ಸೆಕೆಂಡ್ ಕಳೆದ್ರೆ ಸ್ಟೇಷನ್ ಬಂದ್ ಆಗಿದೆ ಅಂದ್ಕೊಂಡು ಅದೇ ಬೇರೆ ಏನನ್ನೋ ಹಾಕ್ಬಿಡುತ್ತೆ. ನಾನು ಕೈಜೋಡಿಸಿದ್ದ ಒಂದು ಸಣ್ಣ ಸ್ಟೇಷನ್‌ನಲ್ಲಿ ಸರೋದ್ ಆಲಾಪ ತಣ್ಣಗೆ ಮಂದ್ರಕ್ಕೆ ಇಳಿತಾ ಇದೆ, ಇದ್ದಕ್ಕಿದ್ದಂಗೆ ಹಂದಿ ಸಾಕಣೆ ಸಾಲದ ಪ್ರಕಟಣೆ ಶುರುವಾಯ್ತು! ಇನ್ನು ದನಿ ಎತ್ತೋಕೆ ಅಂತ, ಜೋರು ಮೆತ್ತಗೆ ಎರಡನ್ನೂ ಸಮ ಮಾಡೋ ಕಂಪ್ರೆಸರ್ ಜಾಸ್ತಿ ಕೊಟ್ಟರೆ ಹಾಡುಗಾರರು ಉಸಿರು ತಗೊಂಡಾಗೆಲ್ಲ ಹಿಂದಿನ ತಂಬೂರಿ ಉಬ್ಬುಬ್ಬಿ ಬರುತ್ತೆ, ತಂಬೂರಿಗೆ ದಮ್ಮು ಹಿಡಿದಂಗೆ. ಸಿನಿಮಾ ಹಾಡಿಗೆ ಇಟ್ಟಿರೋ ಸೆಟ್ಟಿಂಗ್ ಅರ್ಧಕ್ಕಿಳಿಸಿ ಬೇರೆ ಪ್ರೀಸೆಟ್ ಮಾಡ್ಕೊಳ್ಳಿ.

ಯೂಟ್ಯೂಬಿಂದ ಇಳಿಸಿ ಹಾಕೋದು ಬೇಡವೇ ಬೇಡ. ಕೇಳೋಕೆ ಫ್ರೀ ಅಂದ್ರೆ ಪ್ರಸಾರಕ್ಕೆ ಫ್ರೀ ಅಲ್ಲ. ನಮ್ಮ ಕಾನೂನಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತೆ, ಅದು ದಾಟಿದ ಹಳೇ ಪ್ಲೇಟುಗಳು ಮುಕ್ತ. ದಾಸರ ಪದ, ತ್ಯಾಗರಾಜರ ಕೃತಿಗೆ ರಚನೆಯ ಹಕ್ಕಿನ ತಕರಾರಿಲ್ಲ, ಆದ್ರೆ ಹೋದ ವರ್ಷ ಯಾರೋ ಹಾಡಿ ಬಿಟ್ಟ ಅದೇ ಪದದ ರೆಕಾರ್ಡಿಂಗ್‌ಗೆ ಇದೆ, ಇದನ್ನ ಬಹಳ ಜನ ಕಲಸ್ಕೊಳ್ತಾರೆ. ಸ್ಟೇಷನ್ ಹತ್ರ ಯಾವ ಲೈಸೆನ್ಸ್ ಇದೆ, ಅದು ಯಾವ ಕಂಪನಿಯ ಕ್ಯಾಟಲಾಗ್‌ಗೆ ಅನ್ವಯ ಅಂತ ಬರವಣಿಗೆಯಲ್ಲೇ ಕೇಳಿ. ಅದಕ್ಕಿಂತ ಸುಲಭ ದಾರಿ ಇದೆ, ಹೇಗೂ ಸಮುದಾಯ ರೇಡಿಯೋ ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯವಾಗಿ ತಯಾರು ಮಾಡ್ಲೇಬೇಕು ಅಂತ ನಿಯಮ ಇದೆ. ಮಡಿಕೇರಿ, ವಿರಾಜಪೇಟೆ, ಕುಶಾಲನಗರದಲ್ಲಿ ಪಾಠ ಹೇಳೋ ಟೀಚರುಗಳು, ಅವ್ರ ಹತ್ರ ಸೀನಿಯರ್, ವಿದ್ವತ್ ಪರೀಕ್ಷೆ ಕಟ್ಟೋ ಮಕ್ಕಳು ಇದ್ದಾರೆ. ಬಿಲಹರಿ ಸ್ವರಜತಿ ಕಲಿತ ಹತ್ತು ವರ್ಷದ ಹುಡುಗಿ ಸ್ವಲ್ಪ ಶ್ರುತಿ ಆಚೀಚೆ ಮಾಡಿದ್ರೂ ಆ ಊರಿಗೆ ಊರೇ ರೇಡಿಯೋ ಹಾಕುತ್ತೆ. ಅಪಾಯ ಏನಂದ್ರೆ ಒಂದು ಮಗುನ ಹಾಕಿದ್ರೆ ಇನ್ನು ನಲವತ್ತು ತಂದೆತಾಯಿ ಫೋನ್ ಮಾಡ್ತಾರೆ, ಅದಕ್ಕೆ ಮೊದಲೇ ಗುರುವಾರ ಮಾತ್ರ, ಐದೇ ನಿಮಿಷ ಅಂತ ಗೆರೆ ಎಳೀರಿ. ಒಪ್ಪಿಗೆ ಪತ್ರಕ್ಕೆ ಅಪ್ಪನೋ ಅಮ್ಮನೋ ಸಹಿ ಹಾಕ್ಲಿ.

ಚಿಕ್ಕಮ್ಮನ ನಿದ್ದೆಗೆ ಅರ್ಧ ಕಾರಣ ನಿಮ್ಮ ಅನೌನ್ಸ್‌ಮೆಂಟ್ ಇರಬಹುದು, ಬೇಜಾರು ಮಾಡ್ಕೋಬೇಡಿ. ರಾಗ, ತಾಳ, ರಚನೆ, ಪಕ್ಕವಾದ್ಯ, ಎಲ್ಲಾ ಒಂದೇ ಉಸಿರಲ್ಲಿ ಮಹಜರು ಓದಿದಂಗೆ ಓದ್ತೀವಿ ನಾವು. ಅದರ ಬದಲು ಹಿಡ್ಕೊಳ್ಳೋಕೆ ಒಂದೇ ಒಂದು ಕೊಂಡಿ ಕೊಡಿ. "ನಾಲ್ಕು ನಿಮಿಷ ಆದ್ಮೇಲೆ ತಬಲಾ ಸೇರುತ್ತೆ, ಅಲ್ಲೀ ತನಕ ಅನ್ನಕ್ಕಿಡಿ" ಅಂತ ನಾನು ಒಂದ್ಸಲ ಹೇಳಿದ್ದಕ್ಕೆ ಮೇಲಿನವ್ರಿಂದ ಬೈಸ್ಕೊಂಡೆ, ಆದ್ರೆ ಅವತ್ತು ಸಿಕ್ಕ ಹೆಂಗಸರೊಬ್ಬರು ತಬಲಾ ಬರೋ ಜಾಗಾನ ಕೈಯಲ್ಲಿ ತಟ್ಟಿ ತೋರಿಸಿದ್ರು. ಮತ್ತೆ ಈ ರಾಗ ಕೇಳಿದ್ರೆ ಬಿಪಿ ಇಳಿಯುತ್ತೆ, ಆ ರಾಗಕ್ಕೆ ಶುಗರ್ ಹೋಗುತ್ತೆ ಅಂತ ಮಾತ್ರ ಮೈಕಲ್ಲಿ ಹೇಳ್ಬೇಡಿ, ಯಾರೋ ಮಾತ್ರೆ ಬಿಟ್ಟು ಕೂತ್ಕೊಳ್ತಾರೆ.

ಮೊದಲ ವಾರದ ಲಿಸ್ಟ್ ಮಾಡಿ ಕಳಿಸಿ, ನೋಡಿ ಹೇಳ್ತೀನಿ. ಶುಕ್ರವಾರದ ಹನ್ನೊಂದು ಇಪ್ಪತ್ತು ಮಾತ್ರ ಖಾಲಿ ಬಿಡಿ, ಆ ಮೇಷ್ಟ್ರ ಮನೆಗೆ ರೆಕಾರ್ಡರ್ ತಗೊಂಡು ಹೋಗಿ, ಮಾಲ್ಕೌಂಸ್ ಯಾಕೆ ರಾತ್ರಿದು ಅಂತ ಅವ್ರ ಬಾಯಲ್ಲೇ ಎರಡು ನಿಮಿಷ ಹೇಳಿಸಿ, ಆಮೇಲೆ ಹಿಂದೋಳದ ಒಂದು ಕೃತಿ ಹಾಕಿ. ಹೋಗುವಾಗ ಫೋನ್ ಮಾಡ್ಕೊಂಡೇ ಹೋಗಿ, ಹನ್ನೊಂದರಿಂದ ಹನ್ನೆರಡರ ತನಕ ಅವ್ರು ನಿಮ್ಮ ರೇಡಿಯೋ ಕೇಳ್ತಿರ್ತಾರೆ.